ಮರುಹುಟ್ಟಿನ ಒತ್ತು

ನನ್ನ ಬದುಕಿನ ದೊಡ್ಡ ಗೆಲುವಿನ ಅಳತೆ ಆರು ಅಂಗುಲ. ನಲವತ್ತು ವರ್ಷಗಳ ಹಿಂದೆ ಕಮರ್ಷಿಯಲ್ ಸ್ಟ್ರೀಟಿನ ಜವಳಿ ಅಂಗಡಿಯೊಂದಕ್ಕೆ ಬೋರ್ಡು ಬರೆಯಹೋದಾಗ, “ಕನ್ನಡ ಬೇಡ, ಒತ್ತಕ್ಷರ ಇಳಿಸೋಕೆ ಕೆಳಗೆ ಜಾಗವಿಲ್ಲ” ಎಂದರು ಮಾಲೀಕರು. ಹನ್ನೊಂದು ದಿನ ವಾದಿಸಿ, ಆರು ಅಂಗುಲ ಹೆಚ್ಚು ತಗಡು ಹೊಡೆಸಿ, ಬೊಂಬಿನ ಸಾರವೆಯ ಮೇಲೆ ಜ್ವರದಲ್ಲಿ ನಡುಗುತ್ತಲೇ ನಲವತ್ತಡಿ ಬರೆದೆ. ಒಂದು ಒತ್ತೂ ಕಾಲು ಮಡಿಸಿಕೊಳ್ಳಲಿಲ್ಲ.

ಇಂದಿಗೂ ಅಲ್ಲೇ ಇರುವ ಆ ಬೋರ್ಡನ್ನು ನೋಡಿಯೇ ಈಚೆಗೆ ಶಾಂತಕುಮಾರಿಯವರು ಹಲಸೂರಿನ ನಮ್ಮ ಮನೆಯನ್ನು ಹುಡುಕಿಕೊಂಡು ಬಂದರು. ನಿವೃತ್ತ ಡ್ರಿಲ್ ಟೀಚರು. ತಮ್ಮಂತೆಯೇ ಸ್ತನ ಕ್ಯಾನ್ಸರಿನಿಂದ ಚೇತರಿಸಿಕೊಂಡ ಹೆಂಗಸರನ್ನು ಕೂಡಿಸಿ, ಭಾನುವಾರದ ಬೆಳಿಗ್ಗೆ ಕೆರೆಯಲ್ಲಿ ಉದ್ದನೆಯ ದೋಣಿ ನಡೆಸುವವರು. ತಂಡದ ಹೆಸರು ‘ಮರುಹುಟ್ಟು’. ಹುಟ್ಟೆಂದರೆ ಜನನವೂ ಹೌದು, ನೀರು ತಳ್ಳುವ ಹಲಗೆಯೂ ಹೌದು. ಅದಕ್ಕೊಂದು ಲೋಗೋ ಬೇಕಿತ್ತು.

“ಕ್ಯಾನ್ಸರ್ ಗುರುತಿನ ಆ ಪಿಂಕ್ ರಿಬ್ಬನ್ ಮಾತ್ರ ಬೇಡ ರೀ. ನಾವೇನು ಗಿಫ್ಟ್ ಪ್ಯಾಕೆಟ್ಟಾ?” ಎಂದು ಕಣ್ಣಂಚಿನಲ್ಲೇ ನಕ್ಕರು.

“ಪೇಂಟರ್ ಅಂಕಲ್, ಕಂಪ್ಯೂಟರಲ್ಲಿ ಮಾಡಲ್ವಾ?” ಎಂದಳು ಜೊತೆಗಿದ್ದ ಮೊಮ್ಮಗಳು ಶ್ರೇಯಾ. ಉತ್ತರವಾಗಿ ಆರು ಅಂಗುಲದ ಕಥೆ ಹೇಳಿದೆ. ಅವಳು ಫೋನಿನಿಂದ ತಲೆ ಎತ್ತಲಿಲ್ಲ. ಅಜ್ಜಿ ಮಾತ್ರ ಕಣ್ಣು ಕೀಳದೆ ಕೇಳಿದರು.

ಮುಂದಿನ ಭಾನುವಾರ ಕೆರೆಗೆ ಚಿತ್ರ ಒಯ್ದೆ: ದೋಣಿ, ಅದರಲ್ಲಿ ಸಾಲಾಗಿ ಕುಳಿತ ಹೆಂಗಸರು. ಶಾಂತಕುಮಾರಿಯವರು ನೋಡಿದವರೇ ನಗು ತಡೆಯಲಾರದೆ ಬಾಯಿಗೆ ಸೆರಗು ಒತ್ತಿಕೊಂಡರು.

“ವೆಂಕಟಸ್ವಾಮಿಯವರೇ, ನಮ್ಮನ್ನೆಲ್ಲ ಹಿಂದಕ್ಕೆ ತಿರುಗಿಸಿ ಕೂರಿಸಿದ್ದೀರಲ್ಲ! ಬೇರೆ ರೇಸ್ ದೋಣಿಗಳಲ್ಲಿ ಹಾಗೆ. ನಾವು ಹೋಗೋ ಕಡೆಗೇ ಮುಖ ಮಾಡಿ ಕೂರ್ತೀವಿ.”

ನನ್ನ ಹೆಮ್ಮೆಗೆ ಪೆಟ್ಟು ಬಿತ್ತು. ಆದರೂ ಆ ನಗೆಗಾಗಿ ಇನ್ನೊಂದು ತಪ್ಪು ಮಾಡಲು ಸಿದ್ಧನಿದ್ದೆ.

ಅಂದಿನಿಂದ ಪ್ರತಿ ಭಾನುವಾರವೂ ಕೆರೆಯ ಮೆಟ್ಟಿಲ ಮೇಲೆ ನನ್ನ ನೋಟ್‌ಬುಕ್ಕು, ಅವರ ಫ್ಲಾಸ್ಕು. ಒಮ್ಮೆ ಅವರು ನೋಯುವ ಬಲತೋಳನ್ನು ನೀವಿಕೊಳ್ಳುತ್ತಿದ್ದಾಗ ಕೇಳಿಯೇಬಿಟ್ಟೆ: “ಶಾಂತಾ ಅವರೇ, ಈ ಕಾಫಿ ದಿನಾ ಒಟ್ಟಿಗೆ ಕುಡಿಯೋ ಹಾಗಾದ್ರೆ?”

ಅವರು ಫ್ಲಾಸ್ಕಿನ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದರು. “ಮಾರ್ಚಲ್ಲಿ ಐದನೇ ವರ್ಷದ ಸ್ಕ್ಯಾನ್ ಇದೆ. ಏನು ಬರುತ್ತೋ ಗೊತ್ತಿಲ್ಲ. ಒಂದು ಸಲ ಹೆಂಡತೀನ ಕಳ್ಕೊಂಡೋರು ನೀವು. ಇನ್ನೊಂದು ಸಲ ಬೇಡ.”

ಮುಂದಿನ ವಾರ ಹೊಸ ಚಿತ್ರದೊಡನೆ ಹೋದೆ. ದೋಣಿಯಿಲ್ಲ, ಹೆಂಗಸರಿಲ್ಲ, ‘ಮರುಹುಟ್ಟು’ ಎಂಬ ನಾಲ್ಕೇ ಅಕ್ಷರ. ಅವುಗಳ ಅಡಿಯಲ್ಲಿ ನೀಲಿಯ ಗೆರೆ, ಅದೇ ನೀರು. ಟಕಾರದ ಒತ್ತೊಂದು ಮಾತ್ರ ಗೆರೆ ದಾಟಿ ಇಳಿದು, ತುದಿಯಲ್ಲಿ ಹುಟ್ಟಿನಂತೆ ಅಗಲವಾಗಿತ್ತು.

“ಒತ್ತು ಇಳಿದ್ರೇನೇ ಹೆಸರು ಪೂರ್ತಿ ಆಗೋದು,” ಎಂದೆ. “ಕೆಳಗೇನಿದೆ ಅಂತ ನೋಡ್ಕೊಂಡು ಇಳಿಸೋಕಾಗಲ್ಲ. ಹೋಗೋ ಕಡೆಗೇ ಮುಖ ಮಾಡ್ತೀವಿ ಅಂದೋರು ನೀವು. ಈಗ್ಯಾಕ್ರೀ ತಿರುಗಿ ಕೂತಿದ್ದೀರಿ?”

ಅವರು ಬಲಗೈ ಬೆರಳಿನಿಂದ ಆ ಒತ್ತನ್ನು ಮೇಲಿನಿಂದ ಕೆಳಗೆ ನಿಧಾನವಾಗಿ ಸವರಿದರು.

“ಸ್ಕ್ಯಾನಿಗೆ ಜೊತೆಗೆ ಬರ್ತೀರಾ?”

“ಫ್ಲಾಸ್ಕ್ ನಾನೇ ಹಿಡ್ಕೊಂಡು ಬರ್ತೀನಿ.”

“ಹಾಗಾದ್ರೆ ಬರೀ ಶಾಂತಾ ಅನ್ನಿ. ‘ಅವರೇ’ ಯಾಕೆ?”

ಮೇಲಿನ ಮೆಟ್ಟಿಲಲ್ಲಿದ್ದ ಶ್ರೇಯಾ ಫೋನನ್ನು ಜೇಬಿಗಿಳಿಸಿ, ನಮ್ಮಿಬ್ಬರ ನಡುವೆ ಜಾಗ ಮಾಡಿಕೊಂಡು ಕುಳಿತಳು.

“ತಾತಾ,” ಎಂದಳು, ಮೊದಲ ಸಲ. “ಆ ಆರು ಇಂಚಿನ ಕಥೆ ಇನ್ನೊಂದ್ಸಲ ಹೇಳಿ.”