ಓರೆನೋಟದ ಗಾರ್ಡ್ ಸಾಹೇಬರು

"ಈ ಕನ್ನಡಕ ಹಾಕಿದ್ರೆ ನೀವು ಇಬ್ಬರು ಕಾಣ್ತೀರಿ!"

ಅಂಗಡಿಯ ಗಾಜಿನ ಬಾಗಿಲು ಇನ್ನೂ ಅಲುಗಾಡುತ್ತಲೇ ಇತ್ತು. ಒಳಗೆ ಬಂದ ಎತ್ತರದ ಮನುಷ್ಯ ಕನ್ನಡಕ ತೆಗೆದು ಕೌಂಟರಿನ ಮೇಲೆ ಇಟ್ಟರು. ಇಟ್ಟರು ಎನ್ನುವುದಕ್ಕಿಂತ ಕುಕ್ಕಿದರು ಎನ್ನಬೇಕು.

ಬೀದಿಯವರೆಲ್ಲ ಕನ್ನಡಕದಮ್ಮ ಎಂದು ಕರೆಯುವ ಅಂಗಡಿಯ ಯಜಮಾನಿ ತಲೆ ಎತ್ತಿದಳು. ವಯಸ್ಸು ಅರವತ್ತು ದಾಟಿತ್ತು. ಗಂಡ ತೀರಿಕೊಂಡ ಮೇಲೆ ತಂಗಿಯ ಜೊತೆ ಸೇರಿ ಅಂಗಡಿ ನಡೆಸುತ್ತಿದ್ದಳು. ತನ್ನ ಅಂಗಡಿಯ ಲೆನ್ಸಿನ ಮೇಲೆ ಯಾರಾದರೂ ತಪ್ಪು ಹೊರಿಸಿದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

"ಯಾರು ಕೊಟ್ಟಿದ್ದು ಇದು?"

"ನಿಮ್ಮ ತಂಗಿ. ನೀವು ಊರಲ್ಲಿರಲಿಲ್ಲ."

ಅವಳು ಪವರ್ ನೋಡುವ ಯಂತ್ರಕ್ಕೆ ಕನ್ನಡಕ ಒಡ್ಡಿದಳು. ಎಲ್ಲ ಸರಿಯಾಗಿತ್ತು.

"ಲೆನ್ಸಲ್ಲಿ ಏನೂ ತಪ್ಪಿಲ್ಲ ಸಾರ್."

"ಹಾಗಾದ್ರೆ ನಾನು ಸುಳ್ಳು ಹೇಳ್ತಿದೀನಾ? ಮೂವತ್ತು ವರ್ಷ ರೈಲಿನಲ್ಲಿ ಗಾರ್ಡ್ ಆಗಿದ್ದವನು ನಾನು. ಮೈಲಿ ದೂರದ ಸಿಗ್ನಲ್ ನೋಡಿದ ಕಣ್ಣಿದು!"

"ಕಣ್ಣಿಗೂ ನಿವೃತ್ತಿ ಅಂತ ಒಂದಿರುತ್ತೆ," ಎಂದಳು ಕನ್ನಡಕದಮ್ಮ.

ಅವರು ಅವಳ ಕೈಯಿಂದ ಕನ್ನಡಕ ತೆಗೆದುಕೊಂಡು ಮತ್ತೆ ಹಾಕಿಕೊಂಡರು. ಆಮೇಲೆ ತಲೆಯನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ ಓರೆಗಣ್ಣಿನಿಂದ ಅವಳನ್ನೇ ನೋಡಿದರು. ಹಾಗೆ ನೋಡುತ್ತಲೇ ಅವರ ಮುಖ ಸಡಿಲವಾಯಿತು. ಕನ್ನಡಕದಮ್ಮನ ಕಿವಿ ಬಿಸಿಯಾಯಿತು... ಈ ವಯಸ್ಸಿಗೆ ಇದೇನು ನೋಟ!

ವಾರ ಕಳೆಯುವುದರೊಳಗೆ ಮತ್ತೆ ಬಂದರು. ಮೂಗಿನ ಮೇಲೆ ಕೂರುವ ಪ್ಯಾಡ್ ಬದಲಾಯಿಸಿಕೊಟ್ಟಳು. ಮತ್ತೆ ಬಂದರು. ಫ್ರೇಮ್ ಬಗ್ಗಿಸಿಕೊಟ್ಟಳು. ಹೊಸ ಲೆನ್ಸ್ ಕೂಡ ಹಾಕಿಸಿದಳು. ಪ್ರತಿ ಸಲವೂ ಅದೇ ದೂರು, ಪ್ರತಿ ಸಲವೂ ಅದೇ ಓರೆನೋಟ. ನಡುವೆ ಟೀ ಬರುತ್ತಿತ್ತು, ಮಾತು ಬೆಳೆಯುತ್ತಿತ್ತು. ಅವರ ಹೆಂಡತಿ ತೀರಿಹೋಗಿದ್ದು, ಮಗಳ ಮನೆಯಲ್ಲಿ ಅವರಿಗೆಂದು ಒಂದು ಕೋಣೆ ಇರುವುದು, ರೈಲಿನ ಕೊನೆಯ ಡಬ್ಬಿಯಲ್ಲಿ ಒಬ್ಬರೇ ಕೂತು ಹಾಡಿಕೊಳ್ಳುತ್ತಿದ್ದುದು, ಎಲ್ಲ ಅವಳಿಗೆ ತಿಳಿಯಿತು.

"ಅಕ್ಕಾ, ನಿನ್ನ ಗಿರಾಕಿ ಬಂದ್ರು ನೋಡು," ಎಂದು ತಂಗಿ ಕಿಸಕ್ಕನೆ ನಗುತ್ತಿದ್ದಳು. "ಕನ್ನಡಕ ಸರಿಯಿಲ್ವಂತೆ, ಪಾಪ!"

"ಸುಮ್ನಿರೇ."

"ಸರಿಯಾಗಿ ಪರೀಕ್ಷೆ ಮಾಡಿಬಿಡು. ನಿಜಾನಾ ನೆಪಾನಾ ಗೊತ್ತಾಗುತ್ತೆ."

ಒಂದು ಕಣ್ಣು ಮುಚ್ಚಿ ನೋಡಿಸುವುದು, ಆಮೇಲೆ ಇನ್ನೊಂದು. ಅಷ್ಟೇ ಪರೀಕ್ಷೆ. ಅಂಗಡಿಗೆ ಯಾರೇ ಬಂದು ಎರಡೆರಡು ಕಾಣುತ್ತದೆ ಎಂದರೂ ಅವಳು ಮೊದಲು ಮಾಡುತ್ತಿದ್ದುದು ಅದನ್ನೇ. ಇವರಿಗೆ ಮಾತ್ರ ಮಾಡಲಿಲ್ಲ. ಸುಳ್ಳು ಬಯಲಾದರೆ ಪಾಪ, ನಾಚಿಕೊಂಡು ಬರುವುದನ್ನೇ ಬಿಟ್ಟರೆ?

ಬರದಿದ್ದರೆ ತನಗೇನು ನಷ್ಟ ಎಂದು ತನ್ನನ್ನೇ ಕೇಳಿಕೊಂಡಳು. ಉತ್ತರ ಗೊತ್ತಿತ್ತು. ಬೆಳಗ್ಗೆ ಎದ್ದು ಕನ್ನಡಿಯ ಮುಂದೆ ಓಲೆ ಬದಲಾಯಿಸುವಾಗಲೇ ಗೊತ್ತಾಗಿತ್ತು.

ಒಂದು ಮಧ್ಯಾಹ್ನ ತಂಗಿ ಊಟಕ್ಕೆ ಹೋಗಿದ್ದಳು. ಅವರು ಬಂದು ಕೂತರು. ಕನ್ನಡಕದಮ್ಮ ಧೈರ್ಯ ಮಾಡಿದಳು.

"ಸಾಹೇಬ್ರೇ, ಇನ್ನು ಈ ನೆಪ ಸಾಕು. ಕನ್ನಡಕದ ದೂರು ಇಲ್ದೇ ಇದ್ರೂ ನೀವು ಇಲ್ಲಿಗೆ ಬರಬಹುದು."

"ನೆಪಾನಾ?"

ಅವರು ನಗಲು ಹೋದರು. ಬಾಯಿಯ ಒಂದು ಬದಿ ಮಾತ್ರ ನಕ್ಕಿತು. ಇನ್ನೊಂದು ಬದಿ ಇದ್ದಲ್ಲೇ ಇತ್ತು.

ಕನ್ನಡಕದಮ್ಮ ತಟ್ಟನೆ ಎದ್ದಳು. ಕೌಂಟರ್ ದಾಟಿ ಬಂದು ಅವರ ಬಲಗಣ್ಣಿನ ಮೇಲೆ ಅಂಗೈ ಇಟ್ಟಳು.

"ಎಷ್ಟು ಜನ ಕಾಣ್ತೀನಿ?"

"ಒಬ್ಬರು."

ಎಡಗಣ್ಣು ಮುಚ್ಚಿದಳು.

"ಈಗ?"

"ಒಬ್ಬರೇ."

ಕೈ ತೆಗೆದಳು.

"ಇಬ್ಬರು," ಎಂದರು ಅವರು. "ಮೊದಲಿಂದಲೂ ಅದನ್ನೇ ಹೇಳ್ತಿದೀನಲ್ಲ!"

ಒಂದೊಂದೇ ಕಣ್ಣಿಗೆ ಒಬ್ಬರು, ಎರಡೂ ತೆರೆದರೆ ಇಬ್ಬರು ಎಂದರೆ ತಪ್ಪು ಕನ್ನಡಕದ್ದಲ್ಲ. ಎರಡು ಕಣ್ಣುಗಳನ್ನೂ ಒಟ್ಟಿಗೆ ಹೊರಳಿಸುವ ನರದ್ದು. ಆ ಓರೆನೋಟ... ಅದು ಅವಳಿಗಾಗಿ ಇದ್ದದ್ದೇ ಅಲ್ಲ!

"ಮುಂಚೆ ಏನಾದ್ರೂ ಕಾಯಿಲೆ ಇತ್ತಾ?"

ಅವರು ಅತ್ತ ತಿರುಗಿದರು. "ಲಿಂಫೋಮಾ. ಎರಡು ವರ್ಷದ ಹಿಂದೆ ಕಂಕುಳಲ್ಲಿ ಗಂಟು ಬಂದಿತ್ತು. ಕ್ಯಾನ್ಸರೇ ಅದು. ಔಷಧಿ ಕೊಟ್ಟು ವಾಸಿ ಆಯ್ತು ಅಂದ್ರು."

"ಮೊದಲೇ ಯಾಕೆ ಹೇಳಲಿಲ್ಲ?"

"ಕನ್ನಡಕದಂಗಡೀಲಿ ಅದನ್ನ ಹೇಳ್ತಾರಾ?" ಎಂದು ಎದ್ದು ನಿಂತರು. ದನಿ ಗಡುಸಾಗಿತ್ತು. "ಇಷ್ಟು ದಿನ ನಾನು ನೆಪ ಹೇಳ್ಕೊಂಡು ಹಲ್ಲು ಕಿರಿಯೋಕೆ ಬರ್ತಿದ್ದೆ ಅಂದ್ಕೊಂಡ್ರಾ?"

"ಇವತ್ತೇ ಆಸ್ಪತ್ರೆಗೆ ಹೋಗಿ," ಎಂದಳು, ಅಷ್ಟೇ. ಅವರು ಹಿಂದೆ ತಿರುಗಿ ನೋಡದೆ ಹೋದರು.

ಆಮೇಲೆ ಬಾಗಿಲು ಎಷ್ಟೋ ಸಲ ತೆರೆಯಿತು, ಎಷ್ಟೋ ಗಿರಾಕಿಗಳು ಬಂದರು. ಅವರು ಮಾತ್ರ ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ತಂಗಿ ತಮಾಷೆ ನಿಲ್ಲಿಸಿದಳು, ಅದು ಇನ್ನೂ ಕಷ್ಟವಾಯಿತು.

ಕೊನೆಗೆ ಬಂದದ್ದು ಅವರ ಮಗಳು.

"ಆಂಟೀ, ಅಪ್ಪ ಆಸ್ಪತ್ರೇಲಿದಾರೆ. ನಿಮಗೆ ತಿಳಿಸಬೇಡ, ನೀವು ಬರೋದು ಬೇಡ ಅಂತ ದಿನಾ ಹೇಳ್ತಾರೆ. ಅದಕ್ಕೇ ಬಂದೆ."

ಬೆನ್ನುಮೂಳೆಯಿಂದ ತೆಗೆದ ನೀರಿನಲ್ಲಿ ರೋಗದ ಕಣಗಳು ಸಿಕ್ಕಿದ್ದವು. ಮಿದುಳಿನ ಹೊದಿಕೆಗೂ ಅಲ್ಲಿಂದ ಹೊರಡುವ ನರಗಳಿಗೂ ಲಿಂಫೋಮಾ ಹಬ್ಬಿತ್ತು. ಔಷಧಿ ಇದೆ, ಆದರೆ ಭಾರಿ ಔಷಧಿ. ಎಪ್ಪತ್ತು ದಾಟಿದವರ ಮೂತ್ರಪಿಂಡ ಅದನ್ನು ತಡೆಯುವುದು ಕಷ್ಟ, ಹಾಗಾಗಿ ಪ್ರಮಾಣ ತಗ್ಗಿಸಿ ಕೊಡುತ್ತೇವೆ ಎಂದಿದ್ದರು ಡಾಕ್ಟರು. ವಾಸಿಯಾಗುತ್ತದೆಂಬ ಭರವಸೆ ಇಲ್ಲ. ಬಿಟ್ಟರೆ ಉಳಿದಿರುವ ಕಾಲ ಬಹಳ ಕಡಿಮೆ.

"ಅಪ್ಪ ಏನೂ ಬೇಡ ಅಂತಿದಾರೆ," ಎಂದಳು ಮಗಳು. ಅವಳ ಕಣ್ಣು ತುಂಬಿ ಬಂದಿತ್ತು. "ನಾನು ಕೈ ಮುಗಿದೂ ಆಯ್ತು."

ಕನ್ನಡಕದಮ್ಮ ಅಂಗಡಿಯ ಬೀಗದ ಕೈಯನ್ನು ತಂಗಿಯ ಕೈಗೆ ಹಾಕಿ ಹೊರಟಳು.

ವಾರ್ಡಿನಲ್ಲಿ ಅವರು ಕಿಟಕಿಯ ಪಕ್ಕದ ಮಂಚದಲ್ಲಿದ್ದರು. ಒಂದು ಕಣ್ಣಿಗೆ ಹತ್ತಿಯ ಪಟ್ಟಿ ಅಂಟಿಸಿದ್ದರು. ಬಹಳ ಇಳಿದುಹೋಗಿದ್ದರು. ಮಗಳು ಬಾಗಿಲಲ್ಲೇ ನಿಂತಳು.

"ಬರಬೇಡಿ ಅಂದಿದ್ದೆ."

"ಅಂದಿದ್ರಂತೆ. ಬಂದೆ."

"ಮರುಕ ತೋರಿಸೋಕಾ?"

"ಅಲ್ಲ. ತಪ್ಪು ಒಪ್ಕೊಳ್ಳೋಕೆ." ಅವಳು ಸ್ಟೂಲ್ ಎಳೆದುಕೊಂಡು ಕೂತಳು. "ಆ ಪರೀಕ್ಷೆ ಒಂದು ನಿಮಿಷದ್ದು. ಮೊದಲನೇ ದಿನವೇ ಮಾಡಿದ್ರೆ ನೀವು ಆಗಲೇ ಇಲ್ಲಿರ್ತಿದ್ರಿ. ಮಾಡಲಿಲ್ಲ. ಸುಳ್ಳು ಅಂತ ಗೊತ್ತಾದ್ರೆ ನೀವು ಬರೋದು ನಿಂತುಹೋಗುತ್ತೆ ಅಂತ ಹೆದರಿದ್ದೆ. ನೀವು ಬರ್ತಾ ಇರಬೇಕಿತ್ತು ನನಗೆ... ಅಷ್ಟೇ."

ಅವರು ಕಣ್ಣಿನ ಪಟ್ಟಿಯ ಅಂಚನ್ನು ಬೆರಳಿನಿಂದ ಒತ್ತಿಕೊಂಡರು.

"ನಾನೂ ಸಾಚಾ ಏನಲ್ಲ," ಎಂದರು ಆಮೇಲೆ. "ಎರಡನೇ ಸಲ ಬಂದಾಗಲೇ ಅನುಮಾನ ಬಂದಿತ್ತು. ಕನ್ನಡಕದ್ದೇ ತಪ್ಪಾಗಿರಲಿ ಅಂತ ಬರ್ತಿದ್ದೆ. ಇಲ್ಲಿಗೆ ಬಂದ್ರೆ ಕಾಯಿಲೆ. ಅಂಗಡಿಗೆ ಬಂದ್ರೆ ಬರೀ ನಿಮ್ಮ ಹತ್ರ ಜಗಳ."

"ಮತ್ತೆ ಆ ನೋಟ?" ಕೇಳಿಯೇಬಿಟ್ಟಳು. ಕೇಳಿದ ಮೇಲೆ ನಾಚಿಕೆಯಾಯಿತು.

"ನೇರ ನೋಡಿದ್ರೆ ಇಬ್ಬರು ಕಾಣ್ತಿದ್ರಿ. ಓರೆಯಾಗಿ ನೋಡಿದ್ರೆ ಒಬ್ಬರೇ." ಅರ್ಧ ಬಾಯಿಯಲ್ಲಿ ನಕ್ಕರು. "ನಿಮ್ಮನ್ನ ಸರಿಯಾಗಿ ನೋಡಬೇಕು ಅನ್ನಿಸ್ತಿತ್ತು. ರಸ್ತೇಲಿ ಹೋಗೋರಿಗೆಲ್ಲ ಅಷ್ಟು ಕಷ್ಟಪಟ್ಟು ಕತ್ತು ತಿರುಗಿಸ್ತಿರಲಿಲ್ಲ."

ಅವಳು ಅತ್ತಳು. ಮೂಗು ಒರೆಸಿಕೊಂಡು ಮಾತು ಮುಂದುವರಿಸಿದಳು.

"ಹಾಗಾದ್ರೆ ಔಷಧಿ ಯಾಕೆ ಬೇಡ?"

"ಈ ಕಾಯಿಲೆ ತಲೆಗೆ ಏರಿದೆ. ಔಷಧೀನೂ ತಲೆ ಮೇಲೇ ಹೊಡೀಬಹುದಂತೆ. ಮರೆವು, ಗೊಂದಲ..." ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. "ಸಾಯೋಕೆ ಹೆದರಿಕೆ ಇಲ್ಲ. ಒಂದು ದಿನ ಬೆಳಗ್ಗೆ ಎದ್ದು, ನಿಮ್ಮನ್ನೇ ಯಾರು ಅಂತ ಕೇಳಿದ್ರೆ?"

"ಹೇಳ್ತೀನಿ."

"ದಿನಾ ಕೇಳಿದ್ರೆ?"

"ದಿನಾ ಹೇಳ್ತೀನಿ. ಅಂಗಡೀಲಿ ಒಂದೇ ಮಾತನ್ನ ಸಾವಿರ ಸಲ ಹೇಳಿ ಅಭ್ಯಾಸ ಇದೆ."

"ಏನಂತ ಹೇಳ್ತೀರಿ?"

"ನಿಮ್ಮ ಹೆಂಡತಿ ಅಂತ."

ಅವರ ತೆರೆದಿದ್ದ ಒಂದು ಕಣ್ಣು ಅವಳ ಮುಖದ ಮೇಲೆಯೇ ನಿಂತಿತು.

"ಮದುವೆ ಯಾವಾಗ ಆಯ್ತು ಅಂತ ಕೇಳಿದ್ರೆ?"

"ನೀವು ಔಷಧಿಗೆ ಒಪ್ಪಿದ ವಾರದಲ್ಲೇ ಆಯ್ತು ಅಂತೀನಿ."

ಅವರು ಹಾಸಿಗೆಯ ಮೇಲೆ ಕೈಯಾಡಿಸಿ ಅವಳ ಕೈ ಹುಡುಕಿದರು. ಮೊದಲ ಸಲ ಸಿಗಲಿಲ್ಲ. ಅವಳೇ ತಂದು ಕೊಟ್ಟಳು.

"ಮಗಳೇ," ಎಂದು ಬಾಗಿಲ ಕಡೆ ಕೂಗಿದರು ಗಾರ್ಡ್ ಸಾಹೇಬರು, "ಡಾಕ್ಟರನ್ನ ಕರಿ."