ಎದುರುಹುರಿಯ ಶಂಖಗಳು

ಶಂಖದಿಂದ ಬಂದರೇ ತೀರ್ಥ ಎನ್ನುತ್ತಾರೆ ತಿಳಿದವರು. ಹಿಂದೂಪುರದ ನೇಕಾರರ ಓಣಿಯಲ್ಲಿ ಮಾತ್ರ, ಶಂಖದಿಂದ ಬಂದರೆ ತೀರಿತು! ನಗುವವರು ಈಗಲೇ ನಕ್ಕುಬಿಡಿ. ಇದು ಕಟ್ಟಿದ ಕತೆಯಲ್ಲ, ನಡೆದದ್ದು.

ಎಂಬತ್ತಮೂರನೇ ಇಸವಿ. ಪ್ರಾಣಿಶಾಸ್ತ್ರದ ಲೆಕ್ಚರರ್ ಚೆನ್ನಕೇಶವ ಕಲ್ಯಾಣದುರ್ಗದಿಂದ ವರ್ಗವಾಗಿ ಬಂದು, ಹೆಂಡತಿ ಆದಿಲಕ್ಷ್ಮಿಯೊಂದಿಗೆ ಪದ್ಮಾವತಮ್ಮನ ಮನೆಯ ಮುಂಭಾಗವನ್ನು ಬಾಡಿಗೆಗೆ ಹಿಡಿದಿದ್ದ. ಹಿಂಭಾಗದಲ್ಲಿ ಪದ್ಮಾವತಮ್ಮ, ಉಬ್ಬಸದಿಂದ ಹಾಸಿಗೆ ಹಿಡಿದ ಅವಳ ಗಂಡ ಸಂಜೀವಪ್ಪ. ಪೆನುಕೊಂಡದ ಹಳೇ ಬಂಗಲೆಯೊಂದರ ಹರಾಜಿನಲ್ಲಿ ಚೆನ್ನಕೇಶವನಿಗೆ ಹನ್ನೆರಡು ಚಿತ್ರಗಳು ಸಿಕ್ಕಿದ್ದವು. ನೂರೈವತ್ತು ವರ್ಷದ ಹಿಂದೆ ಯಾರೋ ಬಿಳಿ ದೊರೆ ತಾಮ್ರದ ತಗಡಿನಲ್ಲಿ ಕೊರೆಸಿ, ಅಚ್ಚೊತ್ತಿಸಿ, ಕೈಯಲ್ಲೇ ಬಣ್ಣ ತುಂಬಿಸಿದ ಕಡಲ ಚಿಪ್ಪುಗಳು. ಶಂಖಗಳು, ಗೋಪುರದಂತೆ ಸುತ್ತಿ ಮೇಲೇರಿದವು, ಹುಲಿಪಟ್ಟೆಯವು. ಗಾಜು ಹಾಕಿಸಿ ನಡುಮನೆಯ ಗೋಡೆ ತುಂಬ ತೂಗುಹಾಕಿದ. ಒಂದೇ ಬೆಳಕಿಂಡಿಯ ಆ ಕತ್ತಲೆಯಲ್ಲಿ, ಓಣಿಯಿಂದ ಬರುವ ಬೆಂದ ರೇಷ್ಮೆಹುಳದ ವಾಸನೆಯಲ್ಲಿ, ಅವು ಒದ್ದೆಯಾದಂತೆ ಹೊಳೆದವು.

ಪದ್ಮಾವತಮ್ಮ ನಲವತ್ತು ವರ್ಷ ರೇಷ್ಮೆನೂಲಿಗೆ ಹುರಿ ಹಾಕಿದವಳು. ಗೋಡೆ ನೋಡಿ ಹೊಸ್ತಿಲಲ್ಲೇ ನಿಂತಳು.

"ಸಾರೂ, ಇವ್ನ ಇಳಿಸ್ಬುಡಪ್ಪ. ಎಲ್ಲಾ ಎದುರುಹುರಿ. ನಮ್ಮ ದೇವ್ರ ಶಂಖ ಸುತ್ತೋದು ಈ ಕಡೀಕೆ, ಇವು ಸುತ್ತೋದು ಆ ಕಡೀಕೆ."

"ಎದುರು ಸುತ್ತಿನ ಶಂಖ ಅದೃಷ್ಟ ಅಂತಾರಲ್ಲಮ್ಮ?"

"ಒಂದು ಎದುರಾದ್ರೆ ಅದೃಷ್ಟ. ಅಷ್ಟೂ ಎದುರಾದ್ರೆ ಮಾಟ ಕಣಪ್ಪ. ಇಂಥವು ಇರೋ ಮನೇಲಿ ಹುರಿಗೊಂಡಿದ್ದೆಲ್ಲ ಬಿಚ್ಕೊಂತದೆ."

ಕೊರೆದವನು ಕಂಡ ಹಾಗೇ ಕೊರೆದ, ಅಚ್ಚಿನಲ್ಲಿ ಅದು ಕನ್ನಡಿಯಲ್ಲಿ ಕಂಡಂತೆ ತಿರುಗಿತು, ಅಷ್ಟೇ ಎಂದು ಚೆನ್ನಕೇಶವ ಪಾಠ ಹೇಳಿದ. ಅವಳು ಅತ್ತ ಹೋದದ್ದೇ ತಡ, "ಬಿಚ್ಕೊಂತದೇ... ಕಣಪ್ಪಾ..." ಎಂದು ಅವಳ ದನಿಯಲ್ಲೇ ಅಣಕಿಸಿದ. ಪ್ರಿನ್ಸಿಪಾಲರ ಕೆಮ್ಮಿನಿಂದ ಬಸ್ ಕಂಡಕ್ಟರನ ಸೀಟಿವರೆಗೆ ಅವನ ಗಂಟಲಿಗೆ ಸಿಕ್ಕದ ಸದ್ದಿರಲಿಲ್ಲ.

ಶುಕ್ರವಾರ ಪದ್ಮಾವತಮ್ಮ ತಾಳಿಗೆ ಹೊಸ ದಾರ ಹೊಸೆದು, ಅರಿಸಿನ ಹಚ್ಚಿ, ಹಿತ್ತಲಲ್ಲಿ ಒಣಗಹಾಕಿದ್ದಳು. ಚೆನ್ನಕೇಶವ ಸದ್ದಿಲ್ಲದೆ ಹೋಗಿ ಅದರ ಹುರಿಯನ್ನೆಲ್ಲ ಬಿಚ್ಚಿ, ಎಳೆ ಎಳೆಯಾಗಿ ಮೊಳೆಗೆ ನೇತುಹಾಕಿ ಬಂದ.

ಪದ್ಮಾವತಮ್ಮ ಅದನ್ನು ಕಂಡು, ಮಾಟ ತನ್ನ ತಾಳಿಗೇ ತಟ್ಟಿತು ಎಂದುಕೊಂಡಳು. ಒಂದು ಕೈಯಲ್ಲಿ ಆ ಎಳೆ ಹಿಡಿದು, ಇನ್ನೊಂದನ್ನು ಗಂಡನ ಎದೆಯ ಮೇಲಿಟ್ಟು ಕೂತಳು. ಎರಡು ದಿನ ಅನ್ನ ಮುಟ್ಟಲಿಲ್ಲ. ಸಂಜೀವಪ್ಪನ ಒಂದೊಂದು ಉಸಿರಿಗೂ ನರಳಿದಳು. ಚೆನ್ನಕೇಶವ ಗೋಡೆಯ ಈಚೆ ಆ ನರಳಿಕೆಯನ್ನೂ ಕಲಿತ.

"ಪಾಪ ಕಣ್ರೀ, ಹೇಳ್ಬುಡ್ರಿ," ಎಂದಳು ಆದಿಲಕ್ಷ್ಮಿ.

"ಇನ್ನೊಂದು ದಿನ ತಡಿಯೇ."

ಮೂರನೆಯ ದಿನ ಮಧ್ಯಾಹ್ನ ಆದಿಲಕ್ಷ್ಮಿ ಸಾರು ಬಡಿಸಲು ಬಗ್ಗಿದಳು. ತಾಳಿ ಅವನ ತಟ್ಟೆಗೆ ಬಿತ್ತು. ಅವಳ ಕೊರಳಲ್ಲಿ ದಾರವಿರಲಿಲ್ಲ. ಬಾಚದ ಕೂದಲಿನಂತೆ ಸಡಿಲ ಎಳೆಗಳಿದ್ದವು.

"ಇದೂ ನಿಮ್ಮ ಆಟಾನಾ?"

"ನಾನಲ್ಲ," ಎಂದ. ಎಷ್ಟೋ ದಿನಗಳ ಮೇಲೆ ಅದು ಅವನ ಸ್ವಂತ ದನಿ.

ಅವಳು ಎಳೆಗಳನ್ನೇ ಗಂಟು ಹಾಕಿಕೊಂಡು ಎರಡು ಗಂಟೆಯ ಬಸ್ಸಿಗೆ ತವರಿಗೆ ಹೊರಟುಹೋದಳು. "ಆ ಪಟ ಇಳಿಸೋಗಂಟ ಬರಾಕಿಲ್ಲ."

ಇಳಿಸಲೆಂದು ಮೊದಲ ಗಾಜಿಗೆ ಬೆರಳಿಟ್ಟ. ಗಾಜು ಒದ್ದೆ. ಸಮುದ್ರವೇ ಕಾಣದ ಊರಿನಲ್ಲಿ ಉಪ್ಪಿನ ವಾಸನೆ, ಕೊಳೆತ ಮೀನಿನ ವಾಸನೆ. ಕೈ ಹಿಂದೆಗೆದು ನೋಡಿಕೊಂಡ. ಬೆರಳ ತುದಿಯಲ್ಲಿ ಗೆರೆಯಿಲ್ಲ. ಹುಟ್ಟಿದಾಗಿನಿಂದ ಇದ್ದ ಚಕ್ರ ಬಿಚ್ಚಿಹೋಗಿತ್ತು. ಸುಲಿದ ಕೋಳಿಮೊಟ್ಟೆಯ ನುಣುಪು. ಗಾಜಿನಾಚೆ ಶಂಖದ ಸುತ್ತು ಒಂದು ಗೆರೆ ಹೆಚ್ಚಿತ್ತು.

ಎರಡನೇ ಬೆರಳು. ಮೂರನೆಯದು. ಹತ್ತೂ.

ನೆತ್ತಿಯ ಸುಳಿ ಸರಿಯಿತು. ಕೂದಲು ಹೆಗಲಿಗೆ ಉದುರಿತು.

ದೇಹದಲ್ಲಿ ಇನ್ನೆಲ್ಲೆಲ್ಲಿ ಸುರುಳಿಗಳಿವೆ ಎಂದು ಪ್ರಾಣಿಶಾಸ್ತ್ರದವನಿಗೆ ಯಾರೂ ಹೇಳಬೇಕಿರಲಿಲ್ಲ. ಕಿವಿಯೊಳಗೊಂದು, ಬಸವನಹುಳುವಿನಂಥದ್ದು. ಹೊಟ್ಟೆಯೊಳಗೊಂದು, ಇಪ್ಪತ್ತು ಅಡಿಯದು.

ಕಿವಿಯಲ್ಲಿ ಏನೋ ಹೊರಳಿತು. ಮಗ್ಗಗಳ ಸದ್ದು ನಿಂತಿತು. ಬರೀ ಭೋರ್ಗರೆತ. ನೆಲ ವಾಲಿತು. ಬಿದ್ದ. ಆಮೇಲೆ ಹೊಟ್ಟೆಯಲ್ಲಿ, ನಿಧಾನವಾಗಿ, ಒಂದು ಸುತ್ತು ಸಡಿಲವಾಯಿತು.

ತೆವಳಿದ. ಹಿಂದಿನ ಬಾಗಿಲು ದೂಡಿದ.

"ಅಮ್ಮಾ... ನಿನ್ನ ದಾರ ಬಿಚ್ಚಿದ್ದು ನಾನೇ... ಆಟಕ್ಕೆ... ನಂಗೆ ಹುರಿ ಹಾಕಮ್ಮಾ... ಸಾಯ್ತೀನಿ..."

ಬಾಯಿಂದ ಹೊರಟದ್ದು ಅವನ ದನಿಯಲ್ಲ, ಅವಳದೇ ನರಳುವ ದನಿ. ಅದು ಅವನಿಗೆ ಕೇಳಿಸಲೇ ಇಲ್ಲ.

ಪದ್ಮಾವತಮ್ಮ ತಟ್ಟನೆ ತಿರುಗಿ ಗಂಡನನ್ನು ನೋಡಿದಳು. ಸಂಜೀವಪ್ಪನ ಎದೆ ಏರುತ್ತಿತ್ತು, ಇಳಿಯುತ್ತಿತ್ತು.

"ನೀನಾ? ಮಾಟ ಅಲ್ವಾ? ನೀನಾ ಬಿಚ್ಚಿದ್ದು?" ಎರಡು ದಿನದ ಹೆದರಿಕೆ ಒಮ್ಮೆಲೇ ಒಡೆಯಿತು. "ಏಮಂಡೀ, ವಿನ್ನಾರಾ, ಕೇಳಿದ್ರಾ! ಸಾರ್ದು ಆಟ ಅಂತೆ ಕಣ್ರೀ! ನೋಡ್ರಿ, ನನ್ನಂಗೇ ನರಳ್ತಾನೆ!"

ಸಂಜೀವಪ್ಪ ಕೆಮ್ಮುತ್ತಲೇ ನಕ್ಕ. ಸದ್ದಿಗೆ ಓಣಿಯವರು ಬಂದು ಬಾಗಿಲಲ್ಲಿ ನೆರೆದರು. ನೆಲದ ಮೇಲೆ ಚೆನ್ನಕೇಶವ ಹೊಟ್ಟೆ ಅವುಚಿಕೊಂಡು ತಿರುಗುತ್ತಿದ್ದ, ಬಿಚ್ಚಿಕೊಳ್ಳುವ ಕಡೆಗೇ ತಿರುಗುತ್ತಿದ್ದ. ಇದೂ ಆಟವೇ ಎಂದುಕೊಂಡು ಅವರೂ ನಕ್ಕರು.

"ಸಾಕು ಬಿಡಪ್ಪ ಸಾರೂ, ಇನ್ನ ನಗಿಸ್ಬ್ಯಾಡ, ನಂಗಾಗಾಕಿಲ್ಲ!" ಎಂದು ತೊಡೆ ತಟ್ಟಿ, ಕಣ್ಣೀರು ಒರೆಸಿ, ಎಲ್ಲರಿಗಿಂತ ಜೋರಾಗಿ ನಕ್ಕವಳು ಪದ್ಮಾವತಮ್ಮನೇ.