ಬಾಜೂಕಿನ ಸೀಟು

ಆ ಸೋಮವಾರ ಬಸ್ಸು ಹತ್ತಿದ ಕೂಡಲೇ ಶಿವಗಂಗಾಳ ಮೈ ಉರಿದದ್ದು ಒಂದು ನಗೆಗೆ. ನಗೆ ಕೆಟ್ಟದ್ದೇನೂ ಇರಲಿಲ್ಲ. ಗಲಗಲ ಅಂತ, ಬಾಯಿ ತುಂಬ, ಮಂದಿಯೆಲ್ಲ ತಿರುಗಿ ನೋಡುವಂಥ ಹೆಣ್ಣಿನ ನಗೆ. ತಪ್ಪು ಏನಪ್ಪಾ ಅಂದರೆ, ಅದು ಸಂಜೀವಕುಮಾರನ ಪಕ್ಕದಿಂದ, ಅವನ ಬಾಜೂಕಿನ ಸೀಟಿನಿಂದ ಬರುತ್ತಿತ್ತು.

ಹಳಿಯಾಳದಿಂದ ದಾಂಡೇಲಿಗೆ ಮುಂಜಾನೆ ಹೋಗುವ ಬಸ್ಸಿನಲ್ಲಿ ಸೀಟು ಸಿಗುವುದೆಂದರೆ ಹುಡುಗಾಟವಲ್ಲ ನೋಡ್ರಿ. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲಂತೂ ಅಂಗಡಿ ಕೆಲಸದವರು, ಆಸ್ಪತ್ರೆ ಕೆಲಸದವರು, ಕಾಲೇಜಿನ ಹುಡುಗಿಯರು, ಮಗಳ ಮನೆಗೆ ಹೊರಟ ಮುದುಕಿಯರು, ಎಲ್ಲರೂ ಆಧಾರ್ ಕಾರ್ಡು ಹಿಡಿದು ಸ್ಟ್ಯಾಂಡಿನಲ್ಲಿ ನಿಂತಿರುತ್ತಾರೆ. ಬಸ್ಸು ಬಂದು ನಿಲ್ಲುವುದರೊಳಗೆ ಕಿಟಕಿಯಿಂದ ಕರ್ಚೀಫು, ಟವೆಲ್ಲು, ಬುತ್ತಿ ಚೀಲ ಒಳಗೆ ಬಿದ್ದಾಯಿತು. ಯಾರ ಅರಿವೆ ಬಿತ್ತೋ ಸೀಟು ಅವರದು. ಅದರ ಮೇಲೆ ಬೇರೆಯವರು ಕೂತರೆ ಕಂಡಕ್ಟರ್ ಬರುವುದೇ ಬೇಡ, ಮಂದಿಯೇ ಎಬ್ಬಿಸುತ್ತಾರೆ.

ಶಿವಗಂಗಾ ಹತ್ತುವುದು ಸ್ಟ್ಯಾಂಡಿನಲ್ಲಲ್ಲ, ಮುಂದೆ ತನ್ನೂರಿನ ಕ್ರಾಸಿನಲ್ಲಿ. ಅಲ್ಲಿಗೆ ಬರುವಷ್ಟರಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆದರೂ ಒಂದು ವರ್ಷದಿಂದ ಅವಳು ನಿಂತು ಹೋದವಳಲ್ಲ. ದಾಂಡೇಲಿಯ ರಾಜೇಸಾಬರ ಅಂಗಡಿಯಲ್ಲಿ ಮೋಟರ್ ವೈಂಡಿಂಗ್ ಮಾಡುವ ಸಂಜೀವಕುಮಾರ ಸ್ಟ್ಯಾಂಡಿನಲ್ಲೇ ಎರಡು ಸೀಟು ಹಿಡಿಯುತ್ತಿದ್ದ. ಒಂದು ತನಗೆ, ಅದರ ಮುಂದಿನದು ಅವಳಿಗೆ. "ಇಲ್ಲೆ ಮಂದಿ ಬರ್ತಾರ್ರಿ" ಅಂತ ಕ್ರಾಸು ಬರುವವರೆಗೆ ಎಲ್ಲರ ಕೂಡ ಜಗಳಾಡುತ್ತಿದ್ದ. ಅವಳು ಹತ್ತಿದೊಡನೆ ಕರ್ಚೀಫು ತೆಗೆದುಕೊಂಡು, ತನಗೇನೂ ಗೊತ್ತಿಲ್ಲ ಅನ್ನುವ ಹಾಗೆ ಹೊರಗೆ ನೋಡುತ್ತಿದ್ದ.

ಬಾಜೂಕ ಯಾಕೆ ಹಿಡಿಯಲಿಲ್ಲ ಅಂತೀರಾ? ಸಂಬಂಧವಿಲ್ಲದ ಗಂಡು ಹೆಣ್ಣು ಒಂದೇ ಸೀಟಿನಲ್ಲಿ ಕೂತರೆ, ಬಸ್ಸು ದಾಂಡೇಲಿ ಮುಟ್ಟುವ ಮೊದಲೇ ಸುದ್ದಿ ಅವಳ ಅಪ್ಪ ಚನಬಸಪ್ಪನನ್ನು ಮುಟ್ಟುತ್ತಿತ್ತು. ಅದಕ್ಕೇ ಅವಳು ಮುಂದೆ, ಅವನು ಹಿಂದೆ. ಮಾತು ಅರ್ಧ ತಿರುಗಿದ ಕುತ್ತಿಗೆಯಲ್ಲಿ.

"ಮಲ್ಲಿಗಿ ಇವತ್ತ ಸ್ವಲ್ಪ ಬಾಡ್ಯಾವಲ್ರಿ?"

"ನೀವು ಕಿಟಕಿಯಾಗ ನೋಡ್ರಿ. ಮಲ್ಲಿಗಿ ಯಾಕ ನೋಡ್ತೀರಿ?"

"ಕಿಟಕಿಗೆ ಅಡ್ಡ ಬಂದಾವ್ರಿ, ಏನ ಮಾಡ್ಲಿ?"

ಅವಳು ತಿರುಗಿ ಕಣ್ಣು ಬಿಟ್ಟು ಹೆದರಿಸುವಳು. ಅವನು ಹೆದರಿದಂತೆ ಮಾಡುವನು. ಇಬ್ಬರಿಗೂ ಇಡೀ ದಿನಕ್ಕೆ ಅಷ್ಟು ಸಾಕಾಗುತ್ತಿತ್ತು. ಮಳೆಗಾಲದಲ್ಲಿ ಒಮ್ಮೆ ಕಿಟಕಿ ಸೋರಿ ಸೀಟು ತೊಯ್ದಾಗ ಒರೆಸಿಕೊಳ್ಳಲು ಅವನು ಕೊಟ್ಟ ನೀಲಿ ಚೌಕಳಿ ಕರ್ಚೀಫನ್ನು, ಒಗೆದು ಕೊಡುತ್ತೇನೆಂದು ಒಯ್ದವಳು ಕೊಡಲೇ ಇಲ್ಲ. ಅವನೂ ಕೇಳಲಿಲ್ಲ. ಅದು ಅವಳ ಬ್ಯಾಗಿನಲ್ಲೇ ಇತ್ತು.

ಇಂಥದರಲ್ಲಿ ಈ ನಗೆ ಬಂತು.

ಮುಂದಿನ ಸೀಟಿನಲ್ಲಿ ಕರ್ಚೀಫು ಎಂದಿನಂತೆ ಇತ್ತು. ಅವಳು ಕೂತಳು. ಕೂತದ್ದೇ ತಪ್ಪಾಯಿತು. ಬೆನ್ನ ಹಿಂದೆ ಎಲ್ಲ ಕೇಳಿಸುತ್ತದೆ, ಏನೂ ಕಾಣಿಸುವುದಿಲ್ಲ!

"ಸಂಜು, ನೀ ಇನ್ನೂ ಹಂಗ ಅದಿಯಲ್ಲೋ! ಸಾಲ್ಯಾಗ ಇದ್ದಾಗ ಮಾತಿಗೊಮ್ಮೆ ನಾಚತಿದ್ದಿ."

ಸಂಜು! ನೀ! ವರ್ಷವಿಡೀ ಮುಂದಿನ ಸೀಟಿನಲ್ಲಿ ಕೂತ ತನಗೆ ಇನ್ನೂ 'ರೀ' ದಾಟಲು ಆಗಿಲ್ಲ. ಇವಳಿಗೆ ಬಂದ ದಿನವೇ ಸಂಜು, ಬಂದ ದಿನವೇ ಬಾಜೂಕಿನ ಸೀಟು. ಶಿವಗಂಗಾ ಕಿಟಕಿಯ ಗಾಜನ್ನು ಸರಿಸಿ ಸರಿಸಿ ನೋಡಿದಳು. ಕೊನೆಗೆ ಗಾಜಿನ ಒಂದು ಮೂಲೆಯಲ್ಲಿ ಪ್ರತಿಬಿಂಬವಾಗಿ ತಲೆಗೇರಿಸಿದ ಕಪ್ಪು ಕನ್ನಡಕ, ಕತ್ತರಿಸಿದ ಕೂದಲು, ಬಣ್ಣದ ಉಗುರು ಕಂಡವು.

ಹೆಸರು ಅನ್ನಪೂರ್ಣಾ. ಹಳಿಯಾಳದವಳೇ. ಬಹಳ ವರ್ಷದಿಂದ ಗೋವಾದ ಹೋಟೆಲೊಂದರಲ್ಲಿ ಕೆಲಸ, ಈಗ ಹತ್ತು ಹುಡುಗಿಯರ ಮೇಲೆ ಸೂಪರ್‌ವೈಸರ್. ದಾಂಡೇಲಿಯಲ್ಲಿರುವ ಅಕ್ಕ ಹಡೆದಿದ್ದಳು. ರಜೆ ಹಾಕಿ ಬಂದವಳು ದಿನಾ ಬಾಣಂತಿಗೆ ತವರಿನ ಊಟ ಒಯ್ಯುತ್ತಿದ್ದಳು. ಗೋವಾದಲ್ಲಿದ್ದು ಅವಳಿಗೆ ಗಂಡಸಿನ ಪಕ್ಕ ಕೂಡುವುದು ಒಂದು ವಿಷಯವೇ ಅಲ್ಲ. ಯಾರು ನೋಡಿದರೇನು, ಆಕೆ ಮತ್ತೆ ಗೋವಾಕ್ಕೆ ಹೋಗುವವಳು. ಇಲ್ಲೇ ಇರುವವರಿಗೆ ತಾನೇ ಹೆದರಿಕೆ!

ಅಂದು ಅವಳು ಕೆಲಸ ಮಾಡುವ ದಾಂಡೇಲಿಯ ರಕ್ತ ತಪಾಸಣೆ ಲ್ಯಾಬಿನಲ್ಲಿ ರಕ್ತ ಕೊಡಲು ಬಂದ ಅಮೀರುನ್ನಿಸಾ ಬೀ ಕೈ ಎಳೆದುಕೊಂಡರು.

"ಯವ್ವಾ, ಯಾರ ಮ್ಯಾಲಿನ ಸಿಟ್ಟು ಬೇಟಿ ನನ್ನ ಕೈ ಮ್ಯಾಲೆ?"

"ಯಾರ ಮ್ಯಾಲೂ ಇಲ್ರಿ."

"ಹಂಗಾರ ಸೂಜಿ ಯಾಕ ದಬ್ಬಣ ಆಗೇತಿ?"

ಶಿವಗಂಗಾಗೆ ನಾಚಿಕೆಯಾಯಿತು. ಸಿಟ್ಟು ಮಾತ್ರ ಹೋಗಲಿಲ್ಲ.

ಮರುದಿನವೂ ಅದೇ ನಗೆ. ಅದರ ಮರುದಿನವೂ. ಗುರುವಾರ ಸೋತು ಮಲ್ಲಿಗೆಯ ಜತೆ ಅಬ್ಬಲಿಗೆ ಹೂವನ್ನೂ ಸೇರಿಸಿ ಮುಡಿದು ಬಂದಳು. ಹಿಂದಿನಿಂದ ಹೂವಿನ ಮಾತು ಬರಲಿಲ್ಲ. ಬಂದದ್ದು ಇದು:

"ರೂಮು ಭಾರೀ ಐತಿ ಸಂಜು. ಅಡಿಗಿಮನಿ ಸಣ್ಣದು, ಆದ್ರ ಇಬ್ರಿಗೆ ಸಾಕು."

"ಕಿಟಕಿ ಐತೇನು?"

"ಇಷ್ಟು ದೊಡ್ಡದೈತಿ! ನೀ ಹೂಂ ಅನ್ನು, ನಾ ಈಗ ಫೋನ್ ಹಚ್ಚತೀನಿ."

"ಹೂಂ."

ಒಂದೇ ಒಂದು ಹೂಂ. ಇಬ್ಬರಿಗೆ ಸಾಕಾಗುವ ಅಡಿಗೆಮನೆಯಂತೆ! ತನಗೆ ಅವನು ಬೇಕು ಎನ್ನುವುದು ಶಿವಗಂಗಾಗೆ ಅಷ್ಟು ಸ್ಪಷ್ಟವಾಗಿ ಗೊತ್ತಾದದ್ದು ಅವತ್ತೇ. ಗೊತ್ತಾದ ದಿನವೇ ಅವನು ಕೈ ತಪ್ಪಿದಂತಾಗಿತ್ತು.

ಶುಕ್ರವಾರ ಅವಳು ಹತ್ತಿದವಳೇ ಕರ್ಚೀಫನ್ನು ಎರಡು ಬೆರಳಿನಲ್ಲಿ ಎತ್ತಿ ಅವನ ತೊಡೆಯ ಮೇಲೆ ಹಾಕಿದಳು. "ಮುದಕವ್ವಾಯಿ, ಇಲ್ಲಿ ಬಾ, ಕುಂದರು" ಎಂದು ತನ್ನೂರ ಮುದುಕಿಯನ್ನು ಕೂರಿಸಿ, ತಾನು ಕಂಬಿ ಹಿಡಿದು ನಿಂತಳು.

ಸಂಜೀವನ ಮುಖ ಸಣ್ಣದಾಯಿತು. "ಯಾಕ್ರಿ, ಆರಾಮ ಇಲ್ಲೇನು?"

"ನಿಮ್ಮ ಬಾಜೂಕ ಇದ್ದವ್ರು ಆರಾಮ ಇದ್ರ ಸಾಕಲ್ರಿ."

ಅನ್ನಪೂರ್ಣಾ ಅವಳನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, ಕಪ್ಪು ಕನ್ನಡಕವನ್ನು ಕಣ್ಣಿಗಿಳಿಸಿಕೊಂಡಳು. ನಗುತ್ತಿದ್ದಳೋ ಏನೋ, ತಿಳಿಯಲಿಲ್ಲ.

ಶನಿವಾರ ದಾಂಡೇಲಿ ಸ್ಟ್ಯಾಂಡಿನಲ್ಲಿ ಅವನು ಅವಳ ಹಿಂದೆ ಓಡಿ ಬಂದ. "ಶಿವಗಂಗಾ, ಒಂದ ಮಾತು ಹೇಳೂದಿತ್ತು. ಕೆಲಸದ್ದು... ಅಂದ್ರ, ಕೆಲಸದ್ದ ಅಷ್ಟ ಅಲ್ಲ..."

"ಮದುವಿ ಕಾರ್ಡಿದ್ರ ಮನೀಗೆ ಹೋಗಿ ನಮ್ಮಪ್ಪಗ ಕೊಡ್ರಿ. ನನಗ ಲೇಟ್ ಆಗಾಕತ್ತೈತಿ."

"ಯಾರ ಮದುವಿರಿ?" ಅಂದ ಅವನು. ಅವಳು ತಿರುಗಿ ನೋಡದೆ ನಡೆದಳು. ಗಲ್ಲಿ ತಿರುಗಿದ ಮೇಲೆ ಕಣ್ಣು ಒರೆಸಿಕೊಂಡಳು. ಬ್ಯಾಗಿನಲ್ಲಿ ಕೈಗೆ ಸಿಕ್ಕದ್ದು ಆ ನೀಲಿ ಕರ್ಚೀಫೇ, ದರಿದ್ರದ್ದು.

ಸೋಮವಾರ ಬಸ್ಸಿನಲ್ಲಿ ಅವನಿರಲಿಲ್ಲ. ಅವನ ಸೀಟಿನಲ್ಲಿ ಅನ್ನಪೂರ್ಣಾ ಒಬ್ಬಳೇ, ಕಾಲ ಬಳಿ ದೊಡ್ಡ ಬ್ಯಾಗು. ಬಾಜೂಕಿನ ಸೀಟಿನ ಮೇಲೆ ಅವಳ ಓಢಣಿ ಇತ್ತು.

"ಬಾ ತಂಗಿ, ನಿನಗಂತ ಹಿಡದೀನಿ. ಇವತ್ತರೆ ಕುಂದರು."

ಬೇಡ ಎನ್ನಬೇಕೆಂದುಕೊಂಡಳು. ಆದರೆ ಹಿಂದಿನವರು ದಬ್ಬಿದರು, ಕೂತಳು.

"ಸಂಜು ನಿನ್ನೇನ ದಾಂಡೇಲಿಗೆ ರಾಜೇಸಾಬರ ಮನೀಗೆ ಹೋದ. ಊಟಕ್ಕ ಕರದಿದ್ರು, ಅಲ್ಲೇ ಇಟ್ಟುಕೊಂಡ್ರು. ಇವತ್ತ ಗೋವಾ ಬಸ್ಸಿಗೆ ಹೊರಡತೀವಿ. ನಮ್ಮ ಹೋಟೆಲಿನ್ಯಾಗ ಅವಗ ಮೆಂಟೆನೆನ್ಸ್ ಕೆಲಸ ಆತು."

"ಚಲೋ ಆತಲ್ರಿ. ಅಡಿಗಿಮನೀನೂ ಸಿಕ್ಕೇತಿ."

ಅನ್ನಪೂರ್ಣಾ ಹಣೆ ಬಡಿದುಕೊಂಡಳು. "ಅರೇ ದೇವಾ! ಆ ರೂಮು ನನಗ ಅಂದ್ಕೊಂಡ್ಯಾ? ನನಗ ಹೋಟೆಲಿನವ್ರು ಕೊಟ್ಟದ್ದೈತಿ, ಅದು ಅವಗ, ಮುಂದ ನಿನಗ. ಕೇಳಿಲ್ಲಿ, ಸುಳ್ಳ್ಯಾಕ ಹೇಳ್ಲಿ, ನನಗೂ ಅಂವ ಮನಸ್ಸಿಗೆ ಬಂದಿದ್ದ. ಒಂದ ಸಲ ಹೇಳಿನೂ ನೋಡಿದೆ. ಏನ ಮಾಡೋದು, ಬಾಜೂಕ ನನ್ನ ಕೂಡ ಕುಂತು ಅಂವ ನಿನ್ನ ಜಡಿ ನೋಡ್ತಿದ್ದ! 'ಅಲ್ಲೆ ರಕ್ತ ತಪಾಸಣೆ ಲ್ಯಾಬ್ ಅದಾವೇನು?' ಅಂತ ಕೇಳಿ ಕೇಳಿ ನನ್ನ ತಲಿ ತಿಂದಾನ. ನಾ ಏನ ರಕ್ತ ತಗೀತೀನೇನು?"

ಶಿವಗಂಗಾಗೆ ಬಂದದ್ದು ಸಿಟ್ಟು.

"ನನ್ನ ಕೆಲಸ ಅಲ್ಲೆ ಹುಡುಕಾಕ ನನ್ನ ಒಂದ ಮಾತು ಕೇಳಿದ್ನೇನು?"

"ಕೇಳಾಕ ಬಂದಿದ್ದ ಶನಿವಾರ. ನೀ ಮದುವಿ ಕಾರ್ಡು ಕೇಳಿದಿಯಂತ."

ದಾಂಡೇಲಿ ಬಂತು. ಆ ಕಡೆ ಜೋಯಿಡಾ ಮೇಲೆ ಹೋಗುವ ಗೋವಾ ಬಸ್ಸು ಆಗಲೇ ನಿಂತಿತ್ತು, ಬಾಗಿಲಲ್ಲಿ ಜನ ಮುಗಿಬಿದ್ದಿದ್ದರು. ನಡುವಿನ ಕಿಟಕಿಯ ಬಳಿ ಸಂಜೀವ ಕೂತಿದ್ದ, ಕೆನ್ನೆಗೆ ಕೈ ಕೊಟ್ಟು, ಯಾರೋ ಬೈದು ಕೂರಿಸಿದವನ ಹಾಗೆ. ಅವನ ಬಾಜೂಕಿನ ಸೀಟು ಖಾಲಿ. ಚೀಲ ಹಿಡಿದ ಒಬ್ಬ ಹುಡುಗಿ ಅದರ ಕಡೆಗೇ ನುಗ್ಗುತ್ತಿದ್ದಳು.

ಶಿವಗಂಗಾ ಓಡಿದಳು. ಬ್ಯಾಗಿನಿಂದ ನೀಲಿ ಕರ್ಚೀಫು ಕಿತ್ತು, ಕಿಟಕಿಯ ಕಂಬಿಯ ನಡುವೆ ಕೈ ತೂರಿಸಿ, ಅವನ ಮೂಗಿನ ಮುಂದಿನಿಂದಲೇ ಒಳಗೆ ಒಗೆದಳು. ಅದು ಬಾಜೂಕಿನ ಸೀಟಿನ ಮೇಲೆ ಬಿತ್ತು.

"ಆ ಸೀಟು ನಂದು! ಯಾರೂ ಕುಂದರಬ್ಯಾಡ್ರಿ!"

ಇಡೀ ಸ್ಟ್ಯಾಂಡು ನೋಡಿತು. ಅವಳ ಊರಿನವರೂ ಇದ್ದರು. ನೋಡಲಿ, ಹೋಗಿ ಹೇಳಲಿ, ಸಾಯಲಿ. ಒಳಗೆ ಆ ಹುಡುಗಿ ನಿಯಮದಂತೆ ಹಿಂದಕ್ಕೆ ಸರಿದಳು. ಸಂಜೀವ ಕರ್ಚೀಫನ್ನು ನೋಡಿದ, ಅವಳನ್ನು ನೋಡಿದ, ಮತ್ತೆ ಕರ್ಚೀಫನ್ನು ನೋಡಿದ.

"ಇದು ನಂದ ಅಲ್ಲೇನ್ರಿ?"

"ಒಗದು ಕೊಡ್ತೀನಿ ಅಂದಿದ್ನಲ್ಲ, ತಗೋ" ಅಂದಳು. 'ರೀ' ಎಲ್ಲಿ ಬಿದ್ದುಹೋಯಿತೋ ಅವಳಿಗೇ ಗೊತ್ತಾಗಲಿಲ್ಲ.

ಲ್ಯಾಬಿಗೆ ಫೋನು ಮಾಡಿ ತಡವಾಗುತ್ತದೆ ಎಂದು ಹೇಳಿ, ಹತ್ತಿ ಅವನ ಬಾಜೂಕ ಕೂತಳು. ಅನ್ನಪೂರ್ಣಾ ಹಿಂದೆ ಎಲ್ಲೋ ಜಾಗ ಮಾಡಿಕೊಂಡಿದ್ದಳು. ಕಂಡಕ್ಟರ್ ಬಂದ. "ಈ ಬಸ್ಸಿಗೆ ಫ್ರೀ ಇಲ್ಲ ತಂಗಿ."

"ಇರಲಿ ಬಿಡ್ರಿ, ರೊಕ್ಕ ತಗೋರಿ. ಒಂದು ಜೋಯಿಡಾ."

ಊರು ದಾಟಿ ಕಾಡು ಶುರುವಾಯಿತು. ವರ್ಷವಿಡೀ ಕುತ್ತಿಗೆ ತಿರುಗಿಸಿ ಮಾತಾಡಿದವಳಿಗೆ ಈಗ ಪಕ್ಕಕ್ಕೆ ನೋಡಲು ಆಗಲೊಲ್ಲದು. ತಿರುವಿನಲ್ಲಿ ಅವನ ಮೊಣಕೈ ತಾಗಿತು. ಅವನ ಅಂಗಿಯಿಂದ ವೈಂಡಿಂಗ್ ವಾರ್ನಿಶಿನ ವಾಸನೆ ಬರುತ್ತಿತ್ತು, ಅವಳಿಗೆ ಅದೂ ಇಷ್ಟವಾಯಿತು.

"ಆಕಿ ಕೂಡ ಅಷ್ಟ್ಯಾಕ ನಗತಿದ್ದಿ?" ಎಂದಳು.

"ಆಕಿ ನಗತಿದ್ಳು. ನಾ ಎಲ್ಲಿ ನಕ್ಕೆ?"

"ಗುರುವಾರ ನಾ ಏನ ಮುಡದಿದ್ದೆ ಹೇಳು ನೋಡೂಣು."

"ಮಲ್ಲಿಗಿ, ಅದರಾಗ ಅಬ್ಬಲಿಗಿ. ಎಡಗಡೆ ಒಂದು ಸಡ್ಲಾಗಿತ್ತು." ಅವನು ತಡವರಿಸಿದ. "ಶಿವಗಂಗಾ, ಗೋವಾಕ್ಕ... ನೀ ಬರ್ತೀಯಾ? ನಿಮ್ಮಪ್ಪನ್ನ ಕೇಳಾಕ ಬರಲಿ?"

"ಅಪ್ಪನ್ನ ಬಂದು ಕೇಳು. ಲ್ಯಾಬ್ ಮಾತ್ರ ನಾನ ನೋಡ್ಕೋತೀನಿ, ಆಕಿ ಹುಡುಕೂದು ಬ್ಯಾಡ." ಕರ್ಚೀಫನ್ನು ತಟ್ಟಿ ಅಂದಳು, "ಸೀಟು ಹಿಡದೀನಲ್ಲ, ಇನ್ನೇನ ಕೇಳ್ತಿ?"

ಜೋಯಿಡಾ ಬಹಳ ಬೇಗ ಬಂತು. ಲ್ಯಾಬಿಗೆ ಮರಳಬೇಕಿತ್ತು, ಅವಳು ಎದ್ದಳು. ಕರ್ಚೀಫನ್ನು ಸೀಟಿನ ಮೇಲೆ ಚೆನ್ನಾಗಿ ಹರಡಿ, ಮೂಲೆ ಎಳೆದು ಸರಿ ಮಾಡಿ ಇಳಿದಳು.

ಕೆಳಗೆ ನಿಂತವಳಿಗೆ ಕಿಟಕಿಯಿಂದ ಒಳಗಿನದು ಕೇಳಿಸುತ್ತಿತ್ತು. ಹೊಸದಾಗಿ ಹತ್ತಿದ ಒಬ್ಬ ಯಜಮಾನರು ಸಂಜೀವನ ಹತ್ತಿರ ನಿಂತು ಕೇಳಿದರು, "ಖಾಲಿ ಐತಲ್ಲಪಾ, ಇಲ್ಲೆ ಮಂದಿ ಬರ್ತಾರೇನು?"

"ಮಂದಿ ಅಲ್ರಿ" ಅಂದ ಸಂಜೀವ, ಕಿಟಕಿಯಿಂದ ಅವಳನ್ನೇ ನೋಡುತ್ತ. "ನಮ್ಮ ಮನಿಯಾಕಿ ಬರ್ತಾಳ."